ಎತ್ತಿಗೆ ಜ್ವರ, ಎಮ್ಮೆಗೆ ಬರೆ
ವಾಹನ ಸ್ಟಾರ್ಟ್ ಆಗದಿದ್ದಾಗ ಮೊದಲು ತಪಾಸಣೆ, ಆನಂತರ ಬಿಡಿಭಾಗ

ಬೆಳಗಿನ ಆರು ಗಂಟೆಗೆ ಸರಕು ತುಂಬಿ ನಿಂತ ವಾಹನ ಸ್ಟಾರ್ಟ್ ಆಗದಿದ್ದರೆ ಅಂದಿನ ವ್ಯಾಪಾರವೇ ಅರ್ಧ ನಿಂತಂತೆ. ಗಿರಾಕಿಗೆ ಕೊಟ್ಟ ಮಾತು ತಪ್ಪುತ್ತದೆ; ಬಾಡಿಗೆ ವಾಹನ ಹುಡುಕಬೇಕಾಗುತ್ತದೆ; ಸರಕನ್ನು ಇಳಿಸಿ ಮತ್ತೊಂದಕ್ಕೆ ಏರಿಸಲು ಹಮಾಲರಿಗೆ ಎರಡನೆಯ ಕೂಲಿ ತೆರಬೇಕಾಗುತ್ತದೆ. ಇಂತಹ ಗಳಿಗೆಯಲ್ಲಿ ಮಾಲೀಕನಿಗೆ ಕಾರಣ ತಿಳಿಯುವ ವ್ಯವಧಾನವಿರುವುದಿಲ್ಲ. "ಏನಾದರೂ ಹಾಕಿ, ಗಾಡಿ ಹೊರಡಲಿ" ಎಂದು ಮೆಕ್ಯಾನಿಕ್‌ಗೆ ಹೇಳುತ್ತಾನೆ. ಮೆಕ್ಯಾನಿಕ್ ಏನನ್ನಾದರೂ ಹಾಕುತ್ತಾನೆ. ಬಿಲ್ಲು ಬರುತ್ತದೆ. ಕೆಲವು ದಿನಗಳ ನಂತರ ವಾಹನ ಮತ್ತೆ ಅದೇ ಜಾಗದಲ್ಲಿ ಅದೇ ರೀತಿ ನಿಲ್ಲುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂತಹ ದುರಸ್ತಿಗೆಂದೇ ಹುಟ್ಟಿದಂತಿದೆ. ಕಚ್ಚಾ ಮಾಲಿನ ದರದಲ್ಲಿ ಕಿಲೋಗೆ ಐವತ್ತು ಪೈಸೆಗೂ ಚೌಕಾಸಿ ಮಾಡುವ ಉದ್ಯಮಿ, ವಾಹನದ ವಿಷಯದಲ್ಲಿ ಮಾತ್ರ ದೋಷ ಯಾವುದೆಂದು ಗೊತ್ತಾಗುವ ಮೊದಲೇ ಸಾವಿರಾರು ರೂಪಾಯಿಗಳ ಬಿಡಿಭಾಗಕ್ಕೆ ಒಪ್ಪಿಗೆ ನೀಡುತ್ತಾನೆ. ಈ ಅಭ್ಯಾಸವನ್ನು ಲೆಕ್ಕಪತ್ರದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಪರಿಶೀಲಿಸುವುದು ಅಗತ್ಯ.

ಒಂದು ವಾಹನ, ಮೂರು ಬಿಲ್ಲು

ಬ್ಯಾಡಗಿ ಭಾಗದಲ್ಲಿ ಖಾರದ ಪುಡಿ ತಯಾರಿಸಿ ಹುಬ್ಬಳ್ಳಿಯ ಸಗಟು ಅಂಗಡಿಗಳಿಗೆ ಪೂರೈಸುವ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ಭಾವಿಸಬಹುದು. ಘಟಕಕ್ಕೆ ಇರುವುದು ಐದು ವರ್ಷ ಹಳೆಯ ಒಂದೇ ಸರಕು ವ್ಯಾನು. ಒಂದು ಮುಂಜಾನೆ ಕೀಲಿ ತಿರುವಿದರೆ ಸೆಲ್ಫ್ ನಿಧಾನವಾಗಿ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಬ್ಯಾಟರಿ ಇಳಿದಿದೆಯೆಂದು 5,500 ರೂಪಾಯಿಗೆ ಹೊಸದನ್ನು ಹಾಕಿಸಲಾಗುತ್ತದೆ. ಎಂಟು ದಿನ ಸರಿಯಾಗಿ ನಡೆದ ವ್ಯಾನು ಒಂಬತ್ತನೆಯ ದಿನ ಮತ್ತೆ ನಿಲ್ಲುತ್ತದೆ. ಈ ಬಾರಿ ಸೆಲ್ಫ್ ಮೋಟಾರಿನ ದುರಸ್ತಿಗೆ 2,800 ರೂಪಾಯಿ. ಮತ್ತೊಂದು ವಾರ ಕಳೆಯುತ್ತಲೂ ಹೊಸ ಬ್ಯಾಟರಿಯೂ ಇಳಿದಿರುವುದು ಕಂಡುಬಂದು, ಡೈನಮೋ ಚಾರ್ಜ್ ಮಾಡುತ್ತಿಲ್ಲವೆಂದು ಅದನ್ನು ಬಿಚ್ಚಿಸಿ ಸರಿಪಡಿಸಲು 3,200 ರೂಪಾಯಿ. ಎರಡು ದಿನ ಬಾಡಿಗೆ ವಾಹನಕ್ಕೆ ತಲಾ 2,500ರಂತೆ 5,000 ರೂಪಾಯಿ. ಅಲ್ಲಿಗೆ ಒಟ್ಟು 16,500 ರೂಪಾಯಿ.

ಇಷ್ಟಾದರೂ ವ್ಯಾನು ನಾಲ್ಕನೆಯ ಬಾರಿ ನಿಂತಾಗ ಸಂಶಯ ಯಂತ್ರವನ್ನು ಬಿಟ್ಟು ಮನುಷ್ಯನ ಕಡೆ ತಿರುಗುತ್ತದೆ. ರಾತ್ರಿ ಲೈಟು ಆರಿಸದೆ ಹೋಗಿರಬೇಕೆಂದು ಚಾಲಕನ ಮೇಲೆ ಆರೋಪ. "ಸಾವ್ಕಾರ್ರ, ಲೈಟ್ ಆರಿಸೇ ಕೀಲಿ ಕೊಟ್ಟೀನ್ರಿ" ಎಂಬ ಅವನ ಮಾತಿಗೆ ಬೆಲೆ ಸಿಗುವುದಿಲ್ಲ. ಆ ತಿಂಗಳ ಸಂಬಳದಲ್ಲಿ 1,500 ರೂಪಾಯಿ ಕಡಿತವಾಗುತ್ತದೆ.

ಕೊನೆಗೆ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಯಾವ ಭಾಗವನ್ನೂ ಬಿಚ್ಚದೆ, ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದು ಸೆಲ್ಫ್ ಹೊಡೆಯಲು ಹೇಳುತ್ತಾನೆ. ಮೀಟರು ಎರಡು ವೋಲ್ಟಿಗೂ ಹೆಚ್ಚು ತೋರಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಲು ವೋಲ್ಟಿಗಿಂತ ಹೆಚ್ಚು ಇರಬಾರದು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಎಳೆ ಎಳೆಯಾಗಿ ಕಡಿದುಹೋಗಿತ್ತು. ಹೊಸ ಪಟ್ಟಿ ಮತ್ತು ಕೂಲಿ ಸೇರಿ 750 ರೂಪಾಯಿ. ಅದೇ ಪಟ್ಟಿಯ ದೋಷದಿಂದ ಸೆಲ್ಫಿಗೆ ಸಾಕಷ್ಟು ವಿದ್ಯುತ್ ಸಿಗುತ್ತಿರಲಿಲ್ಲ, ಡೈನಮೋ ಉತ್ಪಾದಿಸಿದ ವಿದ್ಯುತ್ತೂ ಬ್ಯಾಟರಿಗೆ ಪೂರ್ತಿ ತಲುಪುತ್ತಿರಲಿಲ್ಲ. ಮೂರು ಬಿಲ್ಲುಗಳ ಹಿಂದೆ ಇದ್ದುದು ಒಂದೇ ರೋಗ.

ಇಲ್ಲಿನ ಮೊತ್ತಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಆದರೆ ದೋಷಕ್ಕೆ ತಗಲಬೇಕಾದ ವೆಚ್ಚದ 22 ಪಟ್ಟು ಹಣ ಊಹೆಗೆ ವ್ಯಯವಾಗುವ ಈ ಕ್ರಮ ಅನೇಕ ಸದಸ್ಯರಿಗೆ ಅಪರಿಚಿತವೇನಲ್ಲ.

ಸ್ಟಾರ್ಟ್ ಆಗದಿರುವುದರಲ್ಲಿ ಮೂರು ವಿಧ

"ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂಬ ದೂರು "ಹೊಟ್ಟೆ ನೋವು" ಎಂಬ ದೂರಿನಷ್ಟೇ ಅಸ್ಪಷ್ಟ. ಮಾಲೀಕನಾಗಲಿ ಚಾಲಕನಾಗಲಿ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ಹೇಳಬಲ್ಲವನಾದರೆ ಅರ್ಧ ತಪಾಸಣೆ ಮುಗಿದಂತೆ.

ಮೊದಲನೆಯದು, ಕೀಲಿ ತಿರುವಿದಾಗ ಯಾವ ಸದ್ದೂ ಇಲ್ಲದಿರುವುದು. ಆಗ ಹೆಡ್‌ಲೈಟ್ ಹಾಕಿ ನೋಡಬೇಕು. ಲೈಟು ಉರಿಯದಿದ್ದರೆ ಬ್ಯಾಟರಿ ಪೂರ್ತಿ ಇಳಿದಿರಬಹುದು ಅಥವಾ ಟರ್ಮಿನಲ್ ಸಡಿಲಾಗಿರಬಹುದು. ಲೈಟು ಪ್ರಕಾಶಮಾನವಾಗಿದ್ದು, ಕೀಲಿ ತಿರುವಿದಾಗಲೂ ಮಂಕಾಗದಿದ್ದರೆ ಸೆಲ್ಫಿಗೆ ವಿದ್ಯುತ್ ಹೋಗುತ್ತಲೇ ಇಲ್ಲವೆಂದು ಅರ್ಥ. ಆಗ ನೋಡಬೇಕಾದದ್ದು ಫ್ಯೂಸು, ರಿಲೇ, ಇಗ್ನಿಷನ್ ಸ್ವಿಚ್ಚು ಮತ್ತು ತಂತಿಗಳನ್ನು. ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರಿನ ಕಡ್ಡಿ ಸರಿಯಾದ ಸ್ಥಾನದಲ್ಲಿ ಇಲ್ಲದಿದ್ದರೂ, ಕೆಲವು ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೂ ಹೀಗೆಯೇ ಆಗುತ್ತದೆ.

ಎರಡನೆಯದು, ಸೆಲ್ಫ್ ನಿಧಾನವಾಗಿ ತಿರುಗುವುದು ಅಥವಾ ಬರಿಯ ಸದ್ದು ಮಾಡುವುದು. ಟಕಟಕ ಎಂಬ ಬೇಗಬೇಗನೆಯ ಸದ್ದು ಬಹುತೇಕ ವೋಲ್ಟೇಜ್ ಕೊರತೆಯ ಸೂಚನೆ. ಒಂದೇ ಸಲ ಟಕ್ ಎಂದು ನಿಂತುಬಿಟ್ಟರೆ ಸೆಲ್ಫಿನ ಸೊಲೆನಾಯ್ಡ್, ಸೆಲ್ಫ್ ಮೋಟಾರು ಅಥವಾ ಅದರ ದಪ್ಪ ಕೇಬಲ್ಲುಗಳ ಮೇಲೆ ಸಂಶಯ ಪಡಬೇಕು. ಬ್ಯಾಡಗಿಯ ವ್ಯಾನು ಈ ವರ್ಗಕ್ಕೆ ಸೇರಿದ್ದು.

ಮೂರನೆಯದು, ಸೆಲ್ಫ್ ಜೋರಾಗಿ ತಿರುಗಿದರೂ ಎಂಜಿನ್ ಹತ್ತಿಕೊಳ್ಳದಿರುವುದು. ಇಲ್ಲಿ ಬ್ಯಾಟರಿ ಬದಲಾಯಿಸುವುದು ಸಂಪೂರ್ಣ ನಿರರ್ಥಕ. ಪೆಟ್ರೋಲ್ ವಾಹನವಾದರೆ ಕಿಡಿ ಮತ್ತು ಇಂಧನ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹಲವು ಕಾರುಗಳಲ್ಲಿ ಕೀಲಿಯನ್ನು ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಇಂಧನ ಪಂಪಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಮುಂಚೆ ಕೇಳುತ್ತಿದ್ದ ಆ ಸದ್ದು ಕೇಳಿಸದಿದ್ದರೆ ಅಲ್ಲಿಂದಲೇ ಹುಡುಕಾಟ ಪ್ರಾರಂಭಿಸಬಹುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಒತ್ತಡಕ್ಕೆ ಸಿಕ್ಕ ಗಾಳಿಯ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಅಲ್ಲಿ ಹೀಟರ್ ಪ್ಲಗ್ಗು, ಫಿಲ್ಟರಿನಲ್ಲಿ ಸೇರಿದ ನೀರು, ಇಂಧನದ ಕೊಳವೆಯೊಳಗೆ ಹೊಕ್ಕ ಗಾಳಿ ಇವುಗಳನ್ನು ನೋಡಬೇಕು. ಕೀಲಿಯೊಳಗಿನ ಚಿಪ್ಪನ್ನು ವಾಹನ ಗುರುತಿಸದಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಎಂಜಿನ್ ಹತ್ತಿಕೊಳ್ಳಲು ಬಿಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಕೀಲಿಯ ಚಿತ್ರವನ್ನು ನೋಡಿ, ಮನೆಯಲ್ಲಿರುವ ಎರಡನೆಯ ಕೀಲಿಯನ್ನು ತಂದು ಪ್ರಯತ್ನಿಸಲು ಖರ್ಚೇನೂ ಇಲ್ಲ.

ಅಂಕಿಗಳು ಹೇಳುವ ಸತ್ಯ

ಲೆಕ್ಕ ಬಲ್ಲವರಿಗೆ ಅಂಕಿಗಳ ಮೇಲೆ ವಿಶ್ವಾಸವಿರುತ್ತದೆ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರ್ ಪ್ರತಿಯೊಬ್ಬ ವಾಹನ ಮಾಲೀಕನ ಕಪಾಟಿನಲ್ಲಿಯೂ ಇರತಕ್ಕದ್ದು. ರಾತ್ರಿಯಿಡೀ ನಿಂತ ವಾಹನದ ಸುಸ್ಥಿತಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ ಖಾಲಿ; 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇದ್ದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ. ಕೆಲವು ಹೊಸ ವಾಹನಗಳಲ್ಲಿ ಮಾತ್ರ ಕಂಪ್ಯೂಟರೇ ಇದನ್ನು ಏರಿಳಿಸುತ್ತದೆ.

ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಸೆಲ್ಫ್ ಮೋಟಾರು ತಿರುಗುವಾಗ 150 ಆಂಪಿಯರ್‌ಗಳಷ್ಟು ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ. ದಾರಿಯಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ಇಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿನ ಓಮ್ ಪರೀಕ್ಷೆಗೆ ಸಿಕ್ಕುವುದಿಲ್ಲ. ನಿಂತ ವಾಹನದಲ್ಲಿ ಕೇಬಲ್ಲು ಸರಿಯಾಗಿಯೇ ಕಾಣುತ್ತದೆ. ಭಾರ ಹೊರಿಸಿದಾಗ ಮಾತ್ರ ದೋಷ ಹೊರಬೀಳುತ್ತದೆ. ಬಾಕಿದಾರನ ಪ್ರಾಮಾಣಿಕತೆ ಹುಂಡಿಯ ಗಡುವಿನ ದಿನವೇ ತಿಳಿಯುತ್ತದೆಂಬುದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕೇಬಲ್ಲುಗಳ ವಿಷಯದಲ್ಲಿಯೂ ಅದೇ ನಿಯಮ.

ಎರಡು ಮೂರು ದಿನ ನಿಂತ ಕಾರು ಮಾತ್ರ ಸ್ಟಾರ್ಟ್ ಆಗದಿದ್ದರೆ ಗುಪ್ತ ಸೋರಿಕೆಯನ್ನು ಹುಡುಕಬೇಕು. ನಿಂತ ವಾಹನ ಎಳೆಯುವ ವಿದ್ಯುತ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಮೀರಬಾರದು. ಹೊರಗಿನ ಅಂಗಡಿಯಲ್ಲಿ ಕೂಡಿಸಿದ ಅಲಾರಂ, ಟ್ರ್ಯಾಕರ್ ಅಥವಾ ಸ್ಟೀರಿಯೊ 500 ಮಿಲಿಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಖರ್ಚಾಗಿ, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನಗಳಲ್ಲಿ ಬರಿದಾಗುತ್ತದೆ. ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ.

ಅಂದಿನ ಪಾಯಿಂಟು, ಇಂದಿನ ಸ್ಕ್ಯಾನರು

ಅಂಬಾಸಿಡರ್ ಕಾಲದಲ್ಲಿ ಇಗ್ನಿಷನ್ ವ್ಯವಸ್ಥೆ ಕಣ್ಣಿಗೆ ಕಾಣುತ್ತಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ಎಮರಿ ಕಾಗದದಿಂದ ಉಜ್ಜಿ, ಪ್ಲಗ್ಗನ್ನು ಬಿಚ್ಚಿ ಕಿಡಿ ನೋಡುವುದು ಪ್ರತಿ ಚಾಲಕನಿಗೂ ಬರುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ ಮತ್ತು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಅವರ ವಿದ್ಯುತ್ ಸೆಲ್ಫ್ ಸ್ಟಾರ್ಟರ್ ಅನೇಕ ದಶಕಗಳವರೆಗೆ ಮೂಲತಃ ಅದೇ ತತ್ತ್ವದ ಮೇಲೆ ನಡೆದವು. 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ಮನೆಮಾತಾಗಿದ್ದವು. ಆ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು.

ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಎಂಜಿನ್ ಕಂಪ್ಯೂಟರ್ ಸೆನ್ಸರುಗಳ ಮಾತು ಕೇಳಿ ಕಾಯಿಲ್‌ಗೆ ಆಜ್ಞೆ ನೀಡುತ್ತದೆ. ದೋಷಗಳನ್ನು ಸಂಕೇತ ರೂಪದಲ್ಲಿ ದಾಖಲಿಸುವ ವ್ಯವಸ್ಥೆ ಭಾರತ್ ಸ್ಟೇಜ್-4ರ ವಾಹನಗಳಲ್ಲಿ ಹಂತ ಹಂತವಾಗಿ ಬಂದು, 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದ ಭಾರತ್ ಸ್ಟೇಜ್-6ರಲ್ಲಿ ಇನ್ನಷ್ಟು ವಿಸ್ತಾರಗೊಂಡಿತು. ಸ್ಕ್ಯಾನರ್ ಕೂಡಿಸಿದರೆ ಸಂಕೇತ ಹೊರಬರುತ್ತದೆ. ಇದರಿಂದ ಊಹೆಯ ಯುಗ ಮುಗಿಯಿತೆಂದು ಭಾವಿಸಿದವರಿಗೆ ನಿರಾಶೆ ಕಾದಿದೆ.

ಪಿ0335 ಎಂಬ ಸಂಕೇತವನ್ನೇ ನೋಡಬಹುದು. ಕ್ರ್ಯಾಂಕ್ ಶಾಫ್ಟ್ ಸೆನ್ಸರಿನ ಸರ್ಕಿಟ್‌ನಲ್ಲಿ ದೋಷವಿದೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಕೆಟ್ಟಿರಬಹುದು, ಪ್ಲಗ್ಗಿನ ಸಂಪರ್ಕ ಸಡಿಲಾಗಿರಬಹುದು, ಗೋದಾಮಿನ ಪಕ್ಕ ನಿಲ್ಲಿಸಿದ ವಾಹನದ ತಂತಿಯನ್ನು ಇಲಿ ಕಡಿದಿರಬಹುದು. ಸಂಕೇತ ನೋಡಿದೊಡನೆ ಸೆನ್ಸರ್ ತರಿಸುವವನು ತಪಾಸಣೆ ಮಾಡಿದಂತಾಗುವುದಿಲ್ಲ. ತಾಳೆಪಟ್ಟಿ ಕೂಡದಿದ್ದರೆ ಎಲ್ಲೋ ತಪ್ಪಿದೆಯೆಂದು ತಿಳಿಯುತ್ತದೆಯೇ ಹೊರತು ಯಾವ ನಮೂದು ತಪ್ಪೆಂದು ತಿಳಿಯುವುದಿಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಪುಸ್ತಕ ಮುಚ್ಚುವ ಗುಮಾಸ್ತನಿಗೂ, ಕೈಗೆ ಸಿಕ್ಕ ಭಾಗ ಬದಲಿಸಿ ಬಾನೆಟ್ ಮುಚ್ಚುವ ಮೆಕ್ಯಾನಿಕ್‌ಗೂ ವ್ಯತ್ಯಾಸವಿಲ್ಲ.

ತಪ್ಪು ಯಾರದು?

ಇಷ್ಟು ಹೇಳಿ ಮೆಕ್ಯಾನಿಕ್‌ಗಳನ್ನೇ ದೂರಿ ಸುಮ್ಮನಾಗುವುದು ಸುಲಭ. ಆದರೆ ಅದು ಅನ್ಯಾಯ. ಒಂದು ಗಂಟೆ ಮೀಟರ್ ಹಿಡಿದು ಸಡಿಲಾದ ಒಂದು ನಟ್ಟನ್ನು ಪತ್ತೆಹಚ್ಚಿದವನಿಗೆ ಮಾಲೀಕ ಕೊಡುವುದೇನು? "ಒಂದು ನಟ್ಟು ಬಿಗಿ ಮಾಡಿದ್ದಕ್ಕೆ ಐನೂರು ರೂಪಾಯಿಯೇ?" ಎಂಬ ಜಗಳ. ಅದೇ ಮೆಕ್ಯಾನಿಕ್ 5,500 ರೂಪಾಯಿಯ ಬ್ಯಾಟರಿ ಹಾಕಿದರೆ ಯಾರೂ ಚಕಾರವೆತ್ತುವುದಿಲ್ಲ. ಕಣ್ಣಿಗೆ ಕಾಣುವ ವಸ್ತುವಿಗೆ ಹಣ, ಬುದ್ಧಿಗೆ ಮಾತ್ರ ಪುಕ್ಕಟೆ ಎಂಬ ನಿಯಮವನ್ನು ಮಾಡಿದವರು ಗಿರಾಕಿಗಳೇ. ಹೀಗಿರುವಾಗ ಗ್ಯಾರೇಜು ತನ್ನ ಜೀವನವನ್ನು ಬಿಡಿಭಾಗದ ಲಾಭದಿಂದಲೇ ನಡೆಸಬೇಕಾಗುತ್ತದೆ. ಹೆಚ್ಚು ಭಾಗ ಬದಲಾದಷ್ಟೂ ಅದಕ್ಕೆ ಹೆಚ್ಚು ಲಾಭ.

ಗುರುತಿನ ಸುಸ್ಥಿತಿಯ ಭಾಗವನ್ನು ತಾತ್ಕಾಲಿಕವಾಗಿ ಹಾಕಿ ನೋಡುವುದೂ ಒಂದು ಪರೀಕ್ಷೆಯೇ ಎಂದು ಕೆಲವರು ವಾದಿಸುತ್ತಾರೆ. ಅದು ನಿಜ. ಒಂದು ಕಾಯಿಲ್ಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ, ದೋಷ ಅದರ ಜೊತೆಗೆ ಸಾಗುತ್ತದೆಯೇ ಎಂದು ನೋಡುವುದು ಉತ್ತಮ ವಿಧಾನ. ಪರೀಕ್ಷೆ ವಿಫಲವಾದರೆ ಹಳೆಯ ಭಾಗ ಸ್ವಸ್ಥಾನಕ್ಕೆ ಮರಳಬೇಕು, ಬಿಲ್ಲಿನಲ್ಲಿ ಹೊಸ ಭಾಗದ ಬೆಲೆ ಕಾಣಿಸಬಾರದು. ಇಷ್ಟೇ ಷರತ್ತು.

ಆದ್ದರಿಂದ ವ್ಯಾಪಾರಸ್ಥರು ತಪಾಸಣೆಯ ಶುಲ್ಕವನ್ನು ಪ್ರತ್ಯೇಕವಾಗಿ, ಸಂತೋಷದಿಂದ ಕೊಡುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು. ಯಾವ ಪರೀಕ್ಷೆ ಮಾಡಲಾಯಿತು, ಮೀಟರು ಎಷ್ಟು ತೋರಿಸಿತು, ಅದರಿಂದ ಯಾವ ಭಾಗ ದೋಷಪೂರಿತವೆಂದು ತೀರ್ಮಾನವಾಯಿತು ಎಂಬ ಮೂರು ಸಾಲುಗಳು ಒಂದು ಚೀಟಿಯಲ್ಲಿ ಬರಬೇಕು. ಬದಲಾದ ಹಳೆಯ ಭಾಗ ಮಾಲೀಕನ ಕೈಗೆ ಬರಬೇಕು. ಚೀಟಿ ಬರೆದುಕೊಡಲು ಒಪ್ಪದ ಗ್ಯಾರೇಜಿಗೆ ಎರಡನೆಯ ಬಾರಿ ಹೋಗುವ ಅಗತ್ಯವಿಲ್ಲ.

ಪುಸ್ತಕದಲ್ಲಿ ಏನಿರಬೇಕು?

ಪ್ರತಿ ವಾಹನಕ್ಕೆ ಒಂದು ಪ್ರತ್ಯೇಕ ದಾಖಲೆ ಪುಟವಿದ್ದರೆ ಅನೇಕ ಅನುಕೂಲಗಳಿವೆ. ಬ್ಯಾಟರಿ ಕೊಂಡ ದಿನಾಂಕ, ವಾರಂಟಿ ಕಾರ್ಡು, ವಾಹನ ನಿಂತ ದಿನದ ಲಕ್ಷಣ, ಮಾಡಿದ ದುರಸ್ತಿ ಎಲ್ಲವೂ ಅಲ್ಲಿರಬೇಕು. ಹೆಚ್ಚಿನ ಬ್ಯಾಟರಿಗಳಿಗೆ ವಾರಂಟಿ ಇರುತ್ತದೆ. ಕಾರ್ಡು ಸಿಗದ ಕಾರಣ ಅದನ್ನು ಕಳೆದುಕೊಳ್ಳುವವರು ಕಡಿಮೆಯೇನಿಲ್ಲ. ಹಳೆಯ ಬ್ಯಾಟರಿಯ ಸೀಸಕ್ಕೆ ಬೆಲೆಯಿದೆ. ವಿನಿಮಯದಲ್ಲಿ ಕಳೆದ ಮೊತ್ತ ಬಿಲ್ಲಿನಲ್ಲಿ ಕಾಣಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯದಂತೆ ಅದು ಗುಜರಿಯ ಮೂಲೆಗೆ ಹೋಗದೆ ಮಾರಾಟಗಾರನ ಮೂಲಕ ಮರುಬಳಕೆಗೆ ಹೋಗಬೇಕು.

ತೆರಿಗೆಯ ದೃಷ್ಟಿಯಿಂದಲೂ ಒಂದು ಭೇದವನ್ನು ಗಮನಿಸತಕ್ಕದ್ದು. ಸರಕು ಸಾಗಣೆಯ ವಾಹನವನ್ನು ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುತ್ತಿದ್ದರೆ ಅದರ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಹದಿಮೂರು ಜನರವರೆಗಿನ ಆಸನವುಳ್ಳ ಪ್ರಯಾಣಿಕ ಕಾರಿನ ದುರಸ್ತಿಗೆ, ಕೆಲವು ನಿರ್ದಿಷ್ಟ ವ್ಯವಹಾರಗಳನ್ನು ಬಿಟ್ಟರೆ, ಆ ಜಮೆ ಇಲ್ಲ. ಎರಡೂ ವಾಹನಗಳ ಬಿಲ್ಲನ್ನು ಒಂದೇ ಕಡತದಲ್ಲಿ ಸೇರಿಸಿಟ್ಟರೆ ಇರುವ ಜಮೆ ತಪ್ಪಿಹೋಗಬಹುದು, ಇಲ್ಲದ ಜಮೆ ಪಡೆದು ಬಡ್ಡಿ ತೆರಬೇಕಾಗಬಹುದು. ಬಿಲ್ಲಿಲ್ಲದ ದುರಸ್ತಿಯಲ್ಲಿ ಜಮೆಯೂ ಇಲ್ಲ, ವಾರಂಟಿಯೂ ಇಲ್ಲ.

ಸಂಬಳದ 1,500 ರೂಪಾಯಿ

ಬ್ಯಾಡಗಿಯ ಲೆಕ್ಕದಲ್ಲಿ ಒಂದು ಬಾಬು ಇನ್ನೂ ಇತ್ಯರ್ಥವಾಗಿಲ್ಲ. ಅರ್ಥಿಂಗ್ ಪಟ್ಟಿಯ ದೋಷ ಗೊತ್ತಾದ ಮೇಲೆ ಚಾಲಕನ ಸಂಬಳದಿಂದ ಕಡಿದ ಹಣ ಮರಳಬೇಕೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿಲ್ಲ. ವಿವರಣೆ ನೀಡಲು ಅವಕಾಶ ಕೊಡದೆ ಹಾನಿಯ ಹೆಸರಿನಲ್ಲಿ ವೇತನ ಕಡಿಯುವುದನ್ನು ಕಾನೂನು ಒಪ್ಪುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಬಿಡಿಭಾಗಗಳಿಗೆ ಹೋದ ಹಣವನ್ನು ನಷ್ಟವೆಂದು ಬರೆದು ಮರೆಯಬಹುದು. ತಪ್ಪಿಲ್ಲದವನ ಮೇಲೆ ಹೊರಿಸಿದ ತಪ್ಪನ್ನು ಹಾಗೆ ಬರೆದುಬಿಡಲು ಬರುವುದಿಲ್ಲ. ವಾಹನ ನಿಂತಾಗ ಎಂತಹ ಸದ್ದು ಬಂತು, ಲೈಟು ಹೇಗಿತ್ತು ಎಂಬುದನ್ನು ಮೊದಲು ಕಂಡವನು ಚಾಲಕನೇ. ಅವನನ್ನು ಆರೋಪಿಯಾಗಿಸಿದ ದಿನ ಮಾಲೀಕ ತನ್ನ ಅತ್ಯುತ್ತಮ ಸಾಕ್ಷಿಯನ್ನು ಕಳೆದುಕೊಳ್ಳುತ್ತಾನೆ. ಮುಂದಿನ ಬಾರಿ ಅವನು ಏನನ್ನೂ ಹೇಳುವುದಿಲ್ಲ.

ವಾಣಿಜ್ಯ ಸಂಸ್ಥೆಗಳು ಈ ದಿಶೆಯಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಸ್ಥಳೀಯ ಗ್ಯಾರೇಜು ಮಾಲೀಕರೊಡನೆ ಕುಳಿತು ತಪಾಸಣಾ ಚೀಟಿಯ ಒಂದು ನಮೂನೆಯನ್ನೂ, ಪರೀಕ್ಷೆಗೆ ನ್ಯಾಯವಾದ ಒಂದು ಶುಲ್ಕವನ್ನೂ ಪರಸ್ಪರ ಒಪ್ಪಿಗೆಯಿಂದ ರೂಪಿಸಬಹುದು. ಸದಸ್ಯರ ಚಾಲಕರಿಗೆ ಅರ್ಧ ದಿನದ ಶಿಬಿರ ನಡೆಸಿ ಮೀಟರ್ ಹಿಡಿಯುವುದನ್ನೂ ಮೂರು ಬಗೆಯ ಲಕ್ಷಣ ಬರೆದಿಡುವುದನ್ನೂ ಕಲಿಸಬಹುದು. ಇದಕ್ಕೆ ಸರ್ಕಾರದ ಅನುದಾನವಾಗಲಿ ದೊಡ್ಡ ಯೋಜನೆಯಾಗಲಿ ಬೇಕಾಗಿಲ್ಲ. ಸದ್ಯಕ್ಕೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಕಳೆದ ವರ್ಷದ ವಾಹನ ದುರಸ್ತಿಯ ಬಿಲ್ಲುಗಳನ್ನು ತೆಗೆದು, ಒಂದೇ ದೂರಿಗೆ ಎಷ್ಟು ಬಾರಿ ಎಷ್ಟು ಭಾಗಗಳು ಬದಲಾಗಿವೆ ಎಂದು ಎಣಿಸಿ ನೋಡಿದರೆ ಸಾಕು. ಮುಂದಿನ ಹೆಜ್ಜೆ ಯಾವುದೆಂದು ಆ ಲೆಕ್ಕವೇ ಹೇಳುತ್ತದೆ.